ಬರಿಗಾಲ ಬಿಳಿ ಕುದುರೆಯ ವ್ರತ

ಲಾಳ ಕಟ್ಟುವ ಕಸುಬಿಗೆ ಬಿದ್ದ ಮೇಲೆ ಕುದುರೆ ನನ್ನನ್ನು ಒದ್ದಿದ್ದು ನಾಲ್ಕೇ ನಾಲ್ಕು ಸಲ. ಕುದುರೆ ಸುತ್ತ ಇರುವ ಮನುಷ್ಯರಿಂದ ಪೇಚಿಗೆ ಸಿಕ್ಕಿಕೊಂಡಿದ್ದು ಮಾತ್ರ ವಾರಕ್ಕೊಂದು ಸಲ, ತಪ್ಪದೆ. ಏಳನೇ ಕ್ಲಾಸಿನಲ್ಲಿ ಚೀಲ ಎಸೆದು ಊರು ಬಿಟ್ಟವನು ನಾನು. ಒಂದು ಕಡೆ ಮೂರು ತಿಂಗಳು ನಿಂತರೆ ಅಂಗಾಲು ಕಡಿಯೋಕೆ ಶುರುವಾಗುತ್ತೆ. ಅಂಥವನನ್ನು ಗೊಟ್ಟಿಗೆರೆಯ ಒಂದು ಬಿಳಿ ಹೆಣ್ಣುಕುದುರೆ ಹನ್ನೊಂದು ತಿಂಗಳು ಕಟ್ಟಿ ಹಾಕಿತು. ಅಷ್ಟರಲ್ಲಿ ನಡೆದದ್ದು ಇಷ್ಟು.

೧. ಇದ್ದ ಲಾಳವೂ ಹೋಯ್ತು

ಕುದುರೆ ಮದುವೆ ಮೆರವಣಿಗೆಯದು. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಕಡೆ ಅದು ಹೊತ್ತು ತಿರುಗಿದ ಗಂಡುಗಳು ಒಂದಿಬ್ಬರಲ್ಲ. ನಾನು ನೋಡುವ ಹೊತ್ತಿಗೆ ಕುಂಟುತ್ತಿತ್ತು. ಗೊರಸು ಹಳೇ ರಸ್ಕಿನ ಹಾಗೆ ಪುಡಿಪುಡಿ. ಹೊಡೆದ ಮೊಳೆ ನಿಲ್ಲುತ್ತಿರಲಿಲ್ಲ. ಹಿಂದಿನ ವಾರ ಮೆರವಣಿಗೆ ನಡುವೆಯೇ ಲಾಳ ಬಿದ್ದು, ಗಂಡು ಇಳಿದು ಆಟೋ ಹತ್ತಿ ಛತ್ರ ಸೇರಿದನಂತೆ.

ಯಜಮಾನರು ಲಾಳಕ್ಕೆ ನನ್ನನ್ನೂ ಕಾಲಿಗೆ ಡಾಕ್ಟ್ರಮ್ಮನನ್ನೂ ಒಂದೇ ದಿನ ಕರೆಸಿದ್ದರು. ಡಾಕ್ಟ್ರಮ್ಮ ನಾಲ್ಕೂ ಕಾಲು ಎತ್ತಿ ನೋಡಿ ಹೇಳಿದರು: "ಲಾಳ ಪೂರ್ತಿ ಕೀಳಿ. ಗೊರಸು ಒಣಗಿರ್ಬೇಕು. ಐದು ವಾರಕ್ಕೊಮ್ಮೆ ಅರ ಹಾಕಿ ಸವರಿ. ಬೆಲ್ಲ ನಿಲ್ಲಿಸಿ, ಒಳ್ಳೆ ಹುಲ್ಲು ಕೊಡಿ. ದಿನಾ ಬೆಳಿಗ್ಗೆ ನಡೆಸಿ. ಕಾಲಿಗೆ ರಕ್ತ ಓಡಾಡಿದ್ರೇನೇ ಗೊರಸು ಬೆಳೆಯೋದು."

"ಎಷ್ಟು ದಿನಕ್ಕೆ ಸರಿಹೋಗುತ್ತೆ ಮೇಡಂ?"

"ಮೇಲಿಂದ ಹೊಸ ಗೊರಸು ಹುಟ್ಟಿ ನೆಲ ಮುಟ್ಟಬೇಕಲ್ಲ, ಹತ್ತಿರ ಹತ್ತಿರ ಒಂದು ವರ್ಷ."

"ಒಂದು ವರ್ಷ ಕೂರಿಸಿ ತಿನ್ಸೋಕೆ ಇದೇನು ನನ್ನ ಅಳಿಯಾನಾ?" ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸೀಸನ್ನಿನ ಮೊದಲ್ನೇ ಮದುವೆ ತನಕ ನೋಡ್ತೀನಿ. ಅವತ್ತು ಒಂದು ಹೆಜ್ಜೆ ಕುಂಟಿದ್ರೂ ದಲ್ಲಾಳಿಗೆ ಕೊಟ್ಬಿಡ್ತೀನಿ, ಅಷ್ಟೇ" ಎಂದರು.

ದಲ್ಲಾಳಿ ಕೈಗೆ ಹೋದ ಕುಂಟು ಕುದುರೆ ಕೊನೆಗೆ ಎಲ್ಲಿಗೆ ಹೋಗುತ್ತೆ ಅನ್ನೋದು ನನಗೆ ಗೊತ್ತು. ಅಷ್ಟು ಹೊತ್ತಿಗೆ ಅದು ನನ್ನ ಜೇಬಿಗೆ ಮೂತಿ ಹಾಕಿ ಬೀಡಿ ಕಟ್ಟು ಮೂಸುತ್ತಿತ್ತು. ನಾನು ಯೋಚನೆ ಮಾಡದೆ "ನಾನೇ ಇದ್ದು ನೋಡ್ಕೋತೀನಿ ಅಣ್ಣ" ಅಂದುಬಿಟ್ಟೆ. ನನ್ನ ಬಾಯಿಂದ 'ಇರ್ತೀನಿ' ಅನ್ನೋ ಮಾತು ಬಂದಿದ್ದು ಅದೇ ಮೊದಲು.

ಇಕ್ಕಳ ತಗೊಂಡು ಉಳಿದಿದ್ದ ಮೂರೂ ಲಾಳ ಕಿತ್ತೆ. ಯಜಮಾನರು ಬೀದಿಗೆ ಕೇಳುವ ಹಾಗೆ ಅಂದರು: "ಲಾಳ ಕಟ್ಟು ಅಂತ ಕರೆಸಿದ್ರೆ ಇರೋದನ್ನೂ ಕಿತ್ಕೊಂಡು ಕೂತವ್ನೆ ನೋಡ್ರಪ್ಪ!"

೨. ಪಾದಪೂಜೆ

ಯಜಮಾನರ ತಾಯಿಯನ್ನು ನಾನು ಅಜ್ಜಿ ಅಂತಿದ್ದೆ. ಅವರು ಆ ಕುದುರೆಯನ್ನು ಮನೆ ಲಕ್ಷ್ಮಿ ಅಂತಲೇ ನಂಬಿದವರು. ದಿನಕ್ಕೆ ಮೂರು ಹೊತ್ತು ಬಿಂದಿಗೆ ನೀರು ಸುರಿದು ಕಾಲು ತೊಳೆದು ಅರಿಶಿನ ಹಚ್ಚುವರು. ಗೊರಸು ನೆನೆದು ನೆನೆದು ಮೆತ್ತಗಾಗಿದ್ದೇ ಅದರಿಂದ. ಮಗನೇ ಹೇಳಿದರು, ಡಾಕ್ಟ್ರಮ್ಮ ಹೇಳಿದರು, ಅಜ್ಜಿ ಕೇಳಲಿಲ್ಲ. "ನಿಮ್ಮ ಡಾಕ್ಟ್ರು ಸ್ನಾನ ಮಾಡಲ್ವೇನೋ?" ಅಂತ ನನ್ನನ್ನೇ ಕೇಳಿದರು.

ಕೊನೆಗೆ ನಾನೊಂದು ಸುಳ್ಳು ಹೇಳಿದೆ. "ಅಜ್ಜಿ, ಇವಳು ವ್ರತ ಹಿಡಿದವ್ಳೆ. ಮುಗಿಯೋ ತನಕ ಕಾಲಿಗೆ ನೀರು ಸೋಕಬಾರದು, ಬೆಲ್ಲ ಮುಟ್ಟಬಾರದು."

ಅಜ್ಜಿ ಬಿಂದಿಗೆ ಕೆಳಗಿಟ್ಟರು. ಕೈ ಮುಗಿದರು. "ಮೊದಲೇ ಹೇಳಬಾರದೇನಪ್ಪ!"

ಕೆಲಸ ಆಯ್ತು ಅಂತ ನಾನು ಮೀಸೆ ತಿರುವಿಕೊಂಡೆ. ಮಧ್ಯಾಹ್ನ ತಟ್ಟೆ ಮುಂದೆ ಕೂತರೆ ಸಾರಿನಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಭಾನುವಾರದ ಕೋಳಿ ಆಗಲೇ ಪಕ್ಕದ ಮನೆಗೆ ದಾನ ಹೋಗಿತ್ತು.

"ಏನಜ್ಜಿ ಇದು?"

"ವ್ರತ ಹಿಡಿದೋಳ ಕಾಲು ಮುಟ್ಟೋನು ನೀನು. ನೀನೂ ಮಡಿಯಾಗಿರ್ಬೇಕಲ್ವಾ? ನನ್ನ ಕೈಲಿ ಆಗಲ್ಲಪ್ಪ, ಮೊಣಕಾಲು ನೋವು. ನಿಂಗೆ ವಯಸ್ಸಿದೆ."

ಕುದುರೆ ಹುಲ್ಲು ತಿಂತು. ಹನ್ನೊಂದು ತಿಂಗಳು ವ್ರತ ಮಾಡಿದವನು ನಾನು.

೩. ಡಬ್ಬಿ ಬೇಗ ಖಾಲಿ

ಗೊರಸು ಗಟ್ಟಿಯಾಗಲಿ ಅಂತ ಡಾಕ್ಟ್ರಮ್ಮ ಒಂದು ಪುಡಿ ಬರೆದುಕೊಟ್ಟರು. ದಿನಾ ಒಂದು ಚಮಚ, ಬೂಸಾ ಜೊತೆ. "ಇದ್ರಿಂದ ಕತ್ತಿನ, ಬಾಲದ ಕೂದಲೂ ಚೆನ್ನಾಗಿ ಬರುತ್ತೆ" ಅಂತ ಹೋಗುವಾಗ ಒಂದು ಮಾತು ಸೇರಿಸಿದರು. ಯಜಮಾನರ ತಲೆ ಜಯನಗರದ ಶೋರೂಮ್ ಗಾಜಿನ ಹಾಗೆ ಫಳಫಳ ಹೊಳೆಯೋದು ಅನ್ನೋದನ್ನು ಅವರು ಗಮನಿಸಿರಲಿಲ್ಲ.

ಎರಡು ತಿಂಗಳು ಬರಬೇಕಾದ ಡಬ್ಬಿ ಒಂದೇ ತಿಂಗಳಿಗೆ ಮುಗೀತು. ಎರಡನೇದೂ ಹಾಗೇ. ಇಲಿ ಇರಬೇಕು ಅಂತ ಬೋನು ಇಟ್ಟೆ. ಒಂದು ಬೆಳಿಗ್ಗೆ ಲಾಯದಲ್ಲಿ 'ಅಯ್ಯೋ!' ಅಂತ ಕೂಗು. ಓಡಿ ಹೋದರೆ ಯಜಮಾನರು ಒಂದು ಕೈಯಲ್ಲಿ ಹಾಲಿನ ಲೋಟ ಹಿಡಿದಿದ್ದಾರೆ, ಇನ್ನೊಂದು ಕೈಯ ಬೆರಳು ಬೋನಿನಲ್ಲಿದೆ.

ಬೋನು ಬಿಡಿಸುತ್ತಾ ಮೆಲ್ಲಗೆ ಕೇಳಿದೆ, "ಕೂದಲು ಏನಾದ್ರೂ ಬಂತಾ ಅಣ್ಣ?"

ಅವರು ಆ ಕಡೆ ಈ ಕಡೆ ನೋಡಿ, ಪಿಸುಮಾತಲ್ಲಿ ಅಂದರು: "ಒಂದೂ ಇಲ್ಲ ಕಣೋ. ಉಗುರು ಮಾತ್ರ ಸಖತ್ತಾಗಿ ಬೆಳೀತೈತೆ."

ಪುಡಿ ಅಸಲಿ ಅನ್ನೋದು ಅವತ್ತು ನನಗೆ ಖಾತ್ರಿಯಾಯ್ತು.

೪. ಶನಿಕಾಟಕ್ಕೆ ಔಷಧಿ

ಕಿತ್ತ ಲಾಳಗಳನ್ನು ಲಾಯದ ಗೋಡೆಗೆ ನೇತುಹಾಕಿದ್ದೆ. ಜಯನಗರದಿಂದ ಒಬ್ಬ ಅಂಕಲ್ ಹುಡುಕಿಕೊಂಡು ಬಂದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರ್ ಆದವರು. ಮಗಳ ಮದುವೆ ಮುಂದಕ್ಕೆ ಹೋಗ್ತಾನೇ ಇತ್ತು, ಬಾಗಿಲಿಗೆ ಲಾಳ ಹೊಡೆದರೆ ಶನಿಕಾಟ ಬಿಡುತ್ತೆ ಅಂತ ಯಾರೋ ಹೇಳಿದ್ದರು.

"ಕಪ್ಪು ಕುದುರೆದೇ ಬೇಕಲ್ವಾ ಸಾರ್? ಇದು ಬಿಳಿದು."

"ಲಾಳ ಕಪ್ಪಗಿದೆಯಲ್ಲಪ್ಪ, ಸಾಕು" ಎಂದು ತಗೊಂಡು ಹೋದರು.

ಹದಿನೈದು ದಿನಕ್ಕೆ ವಾಪಸ್ ಬಂದರು. ಬಲಗಾಲಿಗೆ ದಪ್ಪ ಬ್ಯಾಂಡೇಜು. ಬಾಗಿಲಿಂದ ಲಾಳ ಕಳಚಿ ನೇರ ಹೆಬ್ಬೆರಳ ಮೇಲೆ ಬಿದ್ದಿತ್ತು. "ಮಗಳ ಮದುವೆ ಫಿಕ್ಸ್ ಆಯ್ತು, ಅದಕ್ಕೇನೋ ಥ್ಯಾಂಕ್ಸ್. ಆದ್ರೆ ನಾನು ಹೀಗೆ ಕುಂಟ್ತಾ ಇದ್ದೀನಲ್ಲಯ್ಯ!"

ಅದೇ ಹೊತ್ತಿಗೆ ಕುದುರೆ ಅಂಗಳದಲ್ಲಿ ಒಂದು ಸುತ್ತು ಹಾಕಿ ನೆಟ್ಟಗೆ ಅವರ ಮುಂದೆ ಬಂದು ನಿಂತಿತು. ಆರು ತಿಂಗಳಲ್ಲಿ ಹೊಸ ಗೊರಸು ಅರ್ಧಕ್ಕೆ ಇಳಿದಿತ್ತು, ಕುಂಟು ಆಗಲೇ ಕಡಿಮೆಯಾಗಿತ್ತು.

"ಸಾರ್," ಅಂದೆ, "ಇವಳ ಕುಂಟು ಎಲ್ಲಿಗೆ ಹೋಯ್ತು ಅಂತ ನಾನೂ ಹುಡುಕ್ತಾ ಇದ್ದೆ."

೫. ಕಾಶಿಯಾತ್ರೆ

ಸೀಸನ್ನಿನ ಮೊದಲ ಮದುವೆ ಆ ಅಂಕಲ್ ಮಗಳದ್ದೇ ಆಯ್ತು. ಹುಳಿಮಾವಿನ ಹತ್ತಿರದ ಛತ್ರ. ಕಾಶಿಯಾತ್ರೆಗೆ ಮದುಮಗ ನಮ್ಮ ಕುದುರೆ ಮೇಲೆ ಹೊರಡಲಿ ಅಂತ ಅವನ ಗೆಳೆಯರ ಹೊಸ ಐಡಿಯಾ. ಗಂಡು ಛತ್ರಿ, ಕೋಲು ಹಿಡಿದು ಸನ್ಯಾಸಿಯಾಗ್ತೀನಿ ಅಂತ ನಾಲ್ಕು ಹೆಜ್ಜೆ ಹೋಗಬೇಕು. ಹೆಣ್ಣಿನ ಅಪ್ಪ ಅಡ್ಡ ನಿಂತು "ಹೋಗಬೇಡಿ, ಮಗಳನ್ನ ಕೊಡ್ತೀನಿ" ಅಂತ ಕರೆದುಕೊಂಡು ಬರಬೇಕು. ಇಷ್ಟೇ ಶಾಸ್ತ್ರ.

ಯಜಮಾನರು ಛತ್ರದ ಗೇಟಿನಲ್ಲಿ ಕೈಕಟ್ಟಿ ನಿಂತು ಕುದುರೆಯ ಕಾಲನ್ನೇ ನೋಡುತ್ತಿದ್ದರು. ದಲ್ಲಾಳಿಯ ನಂಬರು ಅವರ ಫೋನಿನಲ್ಲಿತ್ತು.

ಗಂಡನ್ನು ಹತ್ತಿಸಿದೆ. ಹಗ್ಗ ಹಿಡಿದು ನಿಂತರೆ ಫೋಟೋದವನು, "ಅಣ್ಣ, ಫ್ರೇಮಲ್ಲಿ ಬರ್ತಾ ಇದ್ದೀರ, ಪಕ್ಕಕ್ಕೆ ಹೋಗಿ."

"ಹಗ್ಗ ಬಿಡೋಕಾಗಲ್ಲಪ್ಪ."

"ಎರಡೇ ಸೆಕೆಂಡ್ ಗುರು!"

ಬಿಟ್ಟೆ.

ನಾನು ಮರೆತಿದ್ದು ಒಂದೇ. ಡಾಕ್ಟ್ರಮ್ಮ ಹೇಳಿದ ಹಾಗೆ ಹನ್ನೊಂದು ತಿಂಗಳಿಂದ ದಿನಾ ಬೆಳಿಗ್ಗೆ ಇವಳನ್ನು ನಡೆಸುತ್ತಿದ್ದೆನಲ್ಲ, ಅದು ಇದೇ ಒಳರಸ್ತೆ, ಹೆಚ್ಚೂಕಡಿಮೆ ಇದೇ ಹೊತ್ತು. ದಾರಿ ಮುಗಿಯೋದು ಹುಳಿಮಾವು ಕೆರೆ ಪಕ್ಕದಲ್ಲಿ ಸೊಪ್ಪಿನ ಗಾಡಿ ಹಾಕುವ ಅಕ್ಕನ ಹತ್ತಿರ. ಅವಳು ದಿನಾ ಒಂದು ಕ್ಯಾರೆಟ್ ಕೊಡುತ್ತಾಳೆ.

ಕುದುರೆ ಓಡಲಿಲ್ಲ. ಡ್ಯೂಟಿಗೆ ಹೊರಟವರ ಹಾಗೆ ಟಕ್ ಟಕ್ ಅಂತ ಹೊರಟಿತು. ಗಂಡಿನ ಒಂದು ಕೈಯಲ್ಲಿ ಬಿಚ್ಚಿದ ಛತ್ರಿ, ಇನ್ನೊಂದರಲ್ಲಿ ಕೋಲು. ಲಗಾಮು ಹಿಡಿಯೋಕೆ ಮೂರನೇ ಕೈ ಇಲ್ಲ. ಅಂಕಲ್ ಅಡ್ಡ ನಿಂತು "ಹೋಗಬೇಡಿ ಅಳಿಯಂದ್ರೇ" ಅಂದರು. ಕುದುರೆ ಅವರನ್ನು ಬಳಸಿಕೊಂಡು ಹೋಯ್ತು.

"ಅಳಿಯಂದ್ರೇ, ನಿಲ್ಲಿ! ಮಗಳನ್ನ ಕೊಡ್ತೀನಿ!"

"ನಾನೆಲ್ಲಿ ಬೇಡ ಅಂದೆ ಮಾವ? ಇದಕ್ಕೆ ಹೇಳಿ!"

ಅಂಕಲ್ ಪಂಚೆ ಎತ್ತಿಕಟ್ಟಿ ಓಡಿದರು. ಅವರ ಹಿಂದೆ ನಾನು. ಶಾಸ್ತ್ರ ಇನ್ನೂ ಉದ್ದ ಇದೆ ಅಂದುಕೊಂಡ ಓಲಗದವರು ಊದುತ್ತಾ ಹಿಂದೆ ಬಂದರು. ಬಾಲ್ಕನಿಗಳಲ್ಲಿ ಆಂಟಿಯರು ಚಪ್ಪಾಳೆ ತಟ್ಟಿದರು. "ನೋಡ್ರೀ, ಶಾಸ್ತ್ರ ಅಂದ್ರೆ ಹೀಗೆ ಮಾಡ್ಬೇಕು!"

ಕುದುರೆ ಸೊಪ್ಪಿನ ಗಾಡಿ ಮುಂದೆ ಸರಿಯಾಗಿ ನಿಂತಿತು. ಅಕ್ಕ ಕ್ಯಾರೆಟ್ ಕೊಟ್ಟು, ತಲೆ ಎತ್ತಿ ಪೇಟ, ಛತ್ರಿ ನೋಡಿ, "ಇವತ್ತು ಯಾರನ್ನ ಕರ್ಕೊಂಡ್ ಬಂದಿದ್ದೀಯಮ್ಮ?" ಅಂದಳು. ಏದುಸಿರು ಬಿಡುತ್ತಾ ಬಂದ ಅಂಕಲ್ ಮೆಂತ್ಯ ಕಟ್ಟುಗಳ ನಡುವೆಯೇ ಅಳಿಯನ ಕೈ ಹಿಡಿದು ಶಾಸ್ತ್ರ ಮುಗಿಸಿದರು. ಮುಹೂರ್ತ ತಪ್ಪಲಿಲ್ಲ.

ಬೈಗುಳಕ್ಕೆ ತಯಾರಾಗಿ ಯಜಮಾನರ ಮುಂದೆ ನಿಂತೆ. ಅವರು ಫೋಟೋದವನ ವಿಡಿಯೋ ಮೂರು ಸಲ ನೋಡಿದರು. ಗಂಡನ್ನಲ್ಲ, ಕಾಲನ್ನು. "ಅಷ್ಟು ದೂರ ಒಂದು ಹೆಜ್ಜೆ ಕುಂಟಿಲ್ಲ ಕಣೋ" ಅಂದರು. ನನ್ನೆದುರೇ ದಲ್ಲಾಳಿಯ ನಂಬರು ಅಳಿಸಿದರು.

ಆ ಖುಷಿಗೆ ನಾನು ದಾರಿಯಲ್ಲಿ ಚಿಕನ್ ಬಿರಿಯಾನಿ ಕಟ್ಟಿಸಿಕೊಂಡೆ. ವ್ರತ ಮುಗೀತಲ್ಲ! ಮನೆ ಬಾಗಿಲಲ್ಲಿ ಅಜ್ಜಿ ಆರತಿ ತಟ್ಟೆ ಹಿಡಿದು ನಿಂತಿದ್ದರು, ಸುದ್ದಿ ಆಗಲೇ ಮುಟ್ಟಿತ್ತು. ಕಣ್ತುಂಬ ನೀರು.

"ಕುಂಟ್ತಾ ಇದ್ದೋಳು ತಾನಾಗೇ ಕಾಶಿಗೆ ಹೊರಟ್ಲಂತೆ! ಎಲ್ಲಾ ನೀನು ಮಾಡಿದ ವ್ರತದ ಫಲ ಕಣಪ್ಪ. ನಾನು ಹರಕೆ ಹೊತ್ತುಬಿಟ್ಟೆ, ಇನ್ನೊಂದು ವರ್ಷ ನಿನ್ನ ಕೈಲಿ ಮಾಡಿಸ್ತೀನಿ ಅಂತ." ಆಮೇಲೆ ಮೂಗು ಅರಳಿಸಿ ಕೇಳಿದರು, "ಅದೇನೋ ಅದು, ಬೆನ್ನ ಹಿಂದೆ ಬಚ್ಚಿಟ್ಕೊಂಡಿರೋದು?"

"ಕುದುರೆ ಪುಡಿ ಅಜ್ಜಿ" ಅಂದೆ.

ಯಜಮಾನರು ಒಳಗಿಂದ ಓಡಿ ಬಂದು ಪೊಟ್ಟಣ ಕಿತ್ತುಕೊಂಡು ಹೋದರು.