ರಾಟಿ ಎಳೆದ ಚಮನಸಾಬ

ಎಲ್ಲಕ್ಕೂ ಮೂಲ ಬಾಯಿಂದ ಜಾರಿದ ಒಂದು ಮಾತು. ಬೆಳಿಗ್ಗೆ ಮುಂಬಯಿಯ ಆಂಟಾಪ್ ಹಿಲ್ಲಿನ ಖೋಲಿಯಲ್ಲಿ ಚಹಾ ಕುಡಿಯುತ್ತ ಚಮನಸಾಬ ಹೆಂಡತಿಗೆ, "ಗುಲಶನ, ಇವತ್ತ ನನ್ನ ರಾಟಿ ಕ್ಯಾಮೆರಾ ಮುಂದ ತಿರಗತೈತಿ" ಅಂದ. ಸಕ್ಕರೆ ಕೇಳಲು ಬಾಗಿಲಲ್ಲಿ ನಿಂತಿದ್ದ ಪಕ್ಕದ ಬಸಲಿಂಗವ್ವನ ಕಿವಿಗೆ ರಾಟಿ ಬೀಳಲಿಲ್ಲ, ಕ್ಯಾಮೆರಾ ಮಾತ್ರ ಬಿತ್ತು. ಅವನು ಸ್ಟೇಷನ್ ಮುಟ್ಟುವಷ್ಟರಲ್ಲಿ ಇಡೀ ಬಿಲ್ಡಿಂಗಿಗೆ ಚಮನಸಾಬ ಪಿಕ್ಚರಿನ ಹೀರೋ ಆಗಿಬಿಟ್ಟಿದ್ದ.

ಅವನು ಅಂಧೇರಿಯ ಸ್ಟುಡಿಯೋಗಳಲ್ಲಿ ಸೆಟ್ ಕಟ್ಟುವ ಬಡಿಗ. ಕಟ್ಟಿದ ಅರಮನೆಗಳೆಲ್ಲ ಪ್ಲೈವುಡ್ಡಿನವು, ಜೋರಾಗಿ ಸೀನಿದರೆ ಬೀಳುವಂಥವು. ಈ ಸಲ ಮಾತ್ರ ಹಳ್ಳಿಯ ಬಾವಿ, ಅದರ ಮೇಲೆ ನೀರೆತ್ತುವ ರಾಟಿ ಬೇಕು ಅಂದಾಗ ಅವನ ಕೈ ಸುಮ್ಮನಿರಲಿಲ್ಲ. ವಿಜಯಪುರದ ಕಡೆ ಅವನಪ್ಪ ಕಟ್ಟುತ್ತಿದ್ದುದೇ ಅದನ್ನು. ಎತ್ತು ಸುತ್ತು ಬಂದರೆ ಹಲ್ಲಿನ ಗಾಲಿ ತಿರುಗಿ, ಗಡಿಗೆಗಳ ಮಾಲೆ ಬಾವಿಗಿಳಿದು, ತುಂಬಿಕೊಂಡು ಮೇಲೆ ಬಂದು ಕಾಲುವೆಗೆ ನೀರು ಸುರಿಯಬೇಕು. ಚಮನಸಾಬ ಪ್ಲೈವುಡ್ ಮುಟ್ಟಲಿಲ್ಲ. ಜಾಲಿ ಕಟ್ಟಿಗೆಯನ್ನೇ ಹುಡುಕಿ ತಂದ.

ಸ್ಟುಡಿಯೋದಲ್ಲಿ ಡೈರೆಕ್ಟರ್ ಸುಹಾಸ ತಲೆ ಹಿಡಿದು ಕೂತಿದ್ದ. ಮೂಲ ಧಾರವಾಡ, ಬೆಳೆದದ್ದು ಮುಂಬಯಿ.

"ಚಮನ್ ಭಾಯ್, ಲಫ್ಡಾ ಆಗಿದೆ. ಎತ್ತಿಗೆ ಪರ್ಮಿಷನ್ ಸಿಗ್ಲಿಲ್ಲ. ಆಕ್ಟರ್‌ಗೆ ನೊಗ ಹೊತ್ಕೋ ಅಂದ್ರೆ ವ್ಯಾನಿಟಿ ವ್ಯಾನ್ ಸೇರ್ಕೊಂಡಿದಾನೆ. ನೀವೇ ಎಳೀರಿ ನಾ! ಎತ್ತಿಲ್ಲದ ಗರೀಬ್ ರೈತ. ಕ್ಯಾ ಎಮೋಷನ್!"

"ನಾ ಬಡಿಗ ಅದೀನ್ರಿ ಸಾಹೇಬ್ರ, ಎತ್ತಲ್ಲ."

"ಹಂಗಾದ್ರೆ ನಿಮ್ ರಾಟಿ ತಿರಗೋದೇ ಇಲ್ಲ, ನೋಡಿ."

ಆ ಮಾತು ನಾಟಿತು. ಚಮನಸಾಬ ಧೋತರ ಸುತ್ತಿಕೊಂಡು ನೊಗಕ್ಕೆ ಹೆಗಲು ಕೊಟ್ಟ. ರಾಟಿ ಕಿರ್ರ್ ಅಂದಿತು, ಗಡಿಗೆಗಳು ಮೇಲೆ ಬಂದವು, ಕಾಲುವೆಗೆ ನೀರು ಧೋ ಎಂದು ಬಿತ್ತು. ಟ್ಯಾಂಕರಿನ ನೀರೇ ಆದರೂ ಅವನ ಕಣ್ಣು ಒದ್ದೆಯಾದವು.

ಆಮೇಲೆ ಶುರುವಾಯಿತು ರೀಟೇಕ್. ಒಮ್ಮೆ ಮೇಲೆ ವಿಮಾನ ಹಾರಿತು, ಒಮ್ಮೆ ಮೋಡ ಬಂತು. ಒಮ್ಮೆ ಬೆವರು ಸಾಲದೆಂದು ಮೇಕಪ್ಪಿನ ಯಕ್ಷಿತಾ, ತೊಯ್ದ ಗೋಣಿಚೀಲದಂತಿದ್ದ ಅವನ ಮೇಲೆ ಮತ್ತೆ ನೀರು ಸಿಂಪಡಿಸಿದಳು. ಮಧ್ಯಾಹ್ನದ ಹೊತ್ತಿಗೆ ರಾಟಿಗಿಂತ ಅವನ ಮೊಣಕಾಲೇ ಜೋರಾಗಿ ಕಿರ್ರೆನ್ನುತ್ತಿತ್ತು.

ಅದೇ ಹೊತ್ತಿಗೆ, ಗೇಟಿನವನಿಗೆ "ಹೀರೋನ ಮನೀಯವರು" ಎಂದು ಹೇಳಿ, ಬಸಲಿಂಗವ್ವ ಅರ್ಧ ಬಿಲ್ಡಿಂಗನ್ನೇ ಒಳಗೆ ಕರೆತಂದಳು. ನಡುವೆ ಹೊಸ ಸೀರೆಯುಟ್ಟ ಗುಲಶನ.

"ಅಯ್ಯ ನಮ್ಮವ್ವ! ಹೀರೋ ಅಂದ್ರ ಎತ್ತಿನ ಪಾರ್ಟ್ ಏನು?" ಬಸಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಉಳಿದವರು ಒತ್ತಿಕೊಳ್ಳದೆಯೇ ನಕ್ಕರು.

ಗುಲಶನ ಮಾತ್ರ ಕಾಲುವೆ ನೋಡುತ್ತಿದ್ದಳು. "ಖರೇನ ನೀರ ಬರಾಕತ್ತೈತಿ" ಅಂದಳು ಮೆಲ್ಲಗೆ. ಗಂಡ ಮಾಡಿದ ವಸ್ತುವೊಂದು ನಿಜವಾಗಿ ಕೆಲಸ ಮಾಡುವುದನ್ನು ಅವಳು ಕಂಡದ್ದು ಅದೇ ಮೊದಲು. ಚಮನಸಾಬ ಇನ್ನಷ್ಟು ಬಿರುಸಾಗಿ ಎಳೆದ.

ಸಂಜೆ ಕೊನೆಯ ಶಾಟ್. ಸುಹಾಸ ಬಾವಿಯ ಪಕ್ಕದ ಬಟ್ಟೆ ಸರಿಸಿದ. ಅದರಡಿ ನೀಲಿ ಬಣ್ಣದ ಹೊಚ್ಚ ಹೊಸ ಮೋಟಾರ್ ಪಂಪು.

"ಇದು ಪಿಕ್ಚರ್ ಅಲ್ಲೇನ್ರಿ?"

"ಯಾರ್ ಹೇಳಿದ್ರು? ಪಂಪಿನ ಜಾಹೀರಾತು! ಈಗ ನೀವು ರಾಟಿಗೆ ಸಿಟ್ಟಿನಿಂದ ಒದ್ದು ಬೀಳ್ಸಬೇಕು. ಆಮೇಲೆ ಪಂಪ್ ಅಪ್ಕೋಬೇಕು. ಬಸ್, ಪ್ಯಾಕಪ್."

"ಅದೊಂದ್ ಆಗೂದಿಲ್ರಿ."

"ಇಡೀ ದಿನದ ಶೂಟಿಂಗ್ ವೇಸ್ಟ್ ಆಗುತ್ತೆ ಭಾಯ್! ಇನ್ನೊಮ್ಮೆ ಈ ಗೇಟಿನೊಳಗೆ ಯಾರ್ ಬಿಡ್ತಾರೆ ನಿಮ್ಮನ್ನ?"

"ಒದಿಯೋ ಚಮನಣ್ಣ! ಟೀವಿಯಾಗ ಬರ್ತಿ!" ಬಿಲ್ಡಿಂಗು ಒಕ್ಕೊರಲಿನಿಂದ ಕೂಗಿತು. ಚಮನಸಾಬ ಗುಲಶನಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಕಣ್ಣು ಮುಚ್ಚಿ ಒದ್ದ.

ಪ್ಲೈವುಡ್ ಆಗಿದ್ದರೆ ಜುಹೂತನಕ ಹಾರುತ್ತಿತ್ತು. ಜಾಲಿ ಕಟ್ಟಿಗೆ ಕದಲಲಿಲ್ಲ. ಲಟ್ಟೆಂದದ್ದು ಅವನ ಕಾಲ್ಬೆರಳು. "ಯಾ ಅಲ್ಲಾ!" ಎಂದು ಕುಸಿದವನ ಕೈಗೆ ಆಸರೆಯಾಗಿ ಸಿಕ್ಕದ್ದು ಪಂಪು. ಅದನ್ನೇ ತಬ್ಬಿಕೊಂಡು ಗೋಳೋ ಎಂದು ಅತ್ತ.

"ಕಟ್! ಒಂದೇ ಟೇಕಿಗೆ ಓಕೆ!" ಸುಹಾಸ ಕುಣಿದಾಡಿದ. "ರಾಟಿ ಬೀಳದಿದ್ರೆ ಬೇಡ! ಪಂಪ್ ಸಿಕ್ಕ ರೈತನ ಆನಂದಬಾಷ್ಪ! ಯಾವ ಆಕ್ಟರ್ ಕೊಡ್ತಾನ್ರಿ ಇದನ್ನ?"

ಬಿಲ್ಡಿಂಗು ಚಪ್ಪಾಳೆ ಹೊಡೆಯಿತು. ಸೆಟ್ ಬಿಚ್ಚುವ ಆಳುಗಳು ಸುತ್ತಿಗೆ ಹಿಡಿದು ರಾಟಿ ಕೆಡವಲು ಹೋದರು, ಸೋತರು, ಗರಗಸ ತರಲು ಓಡಿದರು.

ಗುಲಶನ ಬಂದು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಸೀರೆಯ ಸೆರಗು ಹರಿದು ಬೆರಳಿಗೆ ಸುತ್ತಿದಳು.

"ಇಷ್ಟ ಗಟ್ಟಿ ಯಾಕ ಮಾಡಿದ್ರಿ?" ಅಂದಳು.