ಅತ್ತೆಯ ಹೀಟರು, ನನ್ನ ಮೀಟರು

ಚಳಿ ಎಂಬುದು ಮನಸ್ಸಿನ ಭ್ರಮೆ. ಇದು ನನ್ನ ಸಿದ್ಧಾಂತ. ಮನೆಯವರೆಲ್ಲ ಸ್ವೆಟರಿನೊಳಗೆ ಆಮೆಗಳಂತೆ ತಲೆ ಎಳೆದುಕೊಂಡು ಕೂತಾಗಲೂ ನಾನು ನನ್ನ ರೂಮಿನ ಮೇಜಿನ ಮುಂದೆ ಬರಿಗಾಲಲ್ಲಿ ಕೂತು ಆಫೀಸಿನ ಕಡತ ನೋಡುತ್ತಿದ್ದೆ. ಇಂಥ ಧೀರನ ಮನೆಗೆ ಎರಡು ಸಾವಿರ ವಾಟಿನ ಎಣ್ಣೆ ಹೀಟರು ಬಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? (ಆ ಉರಿಯಲ್ಲೇ ಒಂದು ಕೋಣೆ ಕಾಯಿಸಬಹುದಿತ್ತು, ಬಿಡಿ.)

ಹೀಟರು ಬಂದದ್ದು ಅತ್ತೆಗಾಗಿ. ಅವರಿಗೆ ಮಂಡಿಯ ಆಪರೇಷನ್ ಆಗಿತ್ತು, ಮಂಡಿ ಬೆಚ್ಚಗಿರಬೇಕು ಎಂದು ಡಾಕ್ಟರು ಹೇಳಿದ್ದರು. ನನ್ನಾಕೆ ಅದೇ ಸಂಜೆ ಅಂಗಡಿಗೆ ಹೋಗಿ ತಂದೇಬಿಟ್ಟಳು.

"ಇದು ಗಂಟೆಗೆ ಎರಡು ಯೂನಿಟ್ ಕುಡಿಯುತ್ತೆ ಕಣೇ! ಗ್ಯಾಸ್ ಹೀಟರ್ ಆಗಿದ್ರೆ ಅರ್ಧ ಖರ್ಚು."

"ಗ್ಯಾಸ್ ಹಚ್ಚಿದ್ರೆ ಕಿಟಕಿ ತೆಗೀಬೇಕು. ಕಿಟಕಿ ತೆಗೆದ್ರೆ ಚಳಿ. ಚಳಿಗೆ ಇನ್ನಷ್ಟು ಗ್ಯಾಸ್. ಬೀದಿನೆಲ್ಲ ಬೆಚ್ಚಗೆ ಮಾಡೋ ದಾನಶೂರರಾ ನೀವು?"

"ಇದ್ದಿಲ ಒಲೆ?"

"ಅಮ್ಮನ ಮಂಡಿ ಬೆಚ್ಚಗಾಗ್ಬೇಕು ರೀ, ಉಸಿರು ನಿಲ್ಲಬಾರದು."

ನಾನು ಬಿಡುವವನೇ? ಅಟ್ಟದಿಂದ ಹಳೆಯ ಫ್ಯಾನ್ ಹೀಟರು ಇಳಿಸಿದೆ, ಸಹೋದ್ಯೋಗಿಯ ಮನೆಯಿಂದ ಗ್ಯಾಸ್ ಹೀಟರು ಹೊತ್ತು ತಂದೆ. ಒಂದು ದಿನ ಇದು, ಮರುದಿನ ಅದು, ಹೀಗೆ ಉಷ್ಣಮಹಾಯಾಗ ನಡೆಯಿತು. ಆದರೆ ಯಾವುದನ್ನು ಉರಿಸಿದರೂ ಮೀಟರು ನನ್ನ ಲೆಕ್ಕಕ್ಕಿಂತ ಮುಂದೆಯೇ ಓಡುತ್ತಿತ್ತು. ಗ್ಯಾಸ್ ಉರಿಸಿದ ದಿನವೂ!

ನಾನು ವಿಮೆ ಆಫೀಸಿನಲ್ಲಿ ಕ್ಲೇಮು ಪರಿಶೀಲಿಸುವವನು. ಸತ್ತವರನ್ನೂ ಅನುಮಾನಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಇನ್ನು ಬದುಕಿರುವವರನ್ನು ಬಿಡುತ್ತೇನೆಯೇ? ಒಂದು ಸಂಜೆ ಹೀಟರು, ಫ್ರಿಜ್ಜು, ಟಿವಿ, ದೀಪ ಎಲ್ಲ ಆರಿಸಿ, ಟಾರ್ಚು ಹಿಡಿದು ಬಾಗಿಲ ಬಳಿಯ ಮೀಟರಿನ ಮುಂದೆ ನಿಂತೆ. ಕೆಂಪು ದೀಪ ಮಿಣಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಿಣಕ್. ಈ ವಯಸ್ಸಿನಲ್ಲಿ ನನಗೆ ಕಣ್ಣು ಹೊಡೆಯುವವರು ಬೇರೆ ಯಾರೂ ಇಲ್ಲ, ಆದರೂ ನನಗೆ ಸಂತೋಷವಾಗಲಿಲ್ಲ.

ಟಾರ್ಚಿನ ಸಮೇತ ನೆಟ್ಟಗೆ ಅತ್ತೆಯ ಕೋಣೆಗೆ ನುಗ್ಗಿದೆ.

"ಅತ್ತೆ, ತಪ್ಪು ತಿಳ್ಕೋಬೇಡಿ. ಹೊದಿಕೆ ಸ್ವಲ್ಪ ಎತ್ತುತ್ತೀರಾ?"

ಕತ್ತಲಾದ ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಬಂದಳು. "ಏನಂದ್ರಿ?"

"ಎಲ್ಲೋ ಕಳ್ಳ ಕರೆಂಟ್ ಹರೀತಿದೆ. ಒಳಗೇನಾದ್ರೂ ಇನ್ನೊಂದು ಹೀಟರ್..."

"ಮೊದಲು ನಿಮ್ಮ ರೂಮಿಂದ ಶುರು ಮಾಡಿ."

"ನನ್ನ ರೂಮ್ ಯಾಕೆ? ನನಗೆ ಚಳಿನೇ ಆಗಲ್ಲ!"

ಅತ್ತೆ ಹೊದಿಕೆ ಸರಿಸಿದರು. "ನೋಡ್ಕೊಳ್ಳಿ ಅಳಿಯಂದಿರೇ. ಇದು ಮಂಡಿ, ಇದು ಹೊಲಿಗೆ, ಇದು ಬಿಸಿನೀರಿನ ಚೀಲ, ಅದೂ ಆರಿದೆ. ಮಗಳೇ, ಬೆಳಿಗ್ಗೆ ನನ್ನ ನಿಮ್ಮಣ್ಣನ ಮನೆಗೆ ಬಿಟ್ಟುಬಿಡು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಹೆಂಡತಿ ಸೌಟು ಕೆಳಗಿಟ್ಟು, ಬೀರುವಿನ ಮೇಲಿದ್ದ ಸೂಟ್‌ಕೇಸು ಎಳೆದಳು.

"ಅಮ್ಮ ಹೋದ್ರೆ ನಾನೂ ಹೋಗ್ತೀನಿ. ನೀವು ಮೀಟರ್ ಜೊತೆ ಸಂಸಾರ ಮಾಡಿ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳು ತಮಾಷೆಗೆ ಹಲವು ಸಲ ಆಡಿದ್ದಳು. ಸೂಟ್‌ಕೇಸಿಗೆ ಸೀರೆ ತುಂಬುತ್ತಾ ಆಡಿದ್ದು ಇದೇ ಮೊದಲು. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಒಂದೊಂದೇ ಸ್ವಿಚ್ ಇಳಿಸಿ ನೋಡೋಣ. ಅತ್ತೆ ಕೋಣೇದಲ್ಲ ಅಂತಾದ್ರೆ..."

"ಅಂತಾದ್ರೆ?"

"ಹೀಟರ್ ವಿಷಯದಲ್ಲಿ ಅತ್ತೆ ಹೇಳಿದ್ದೇ ಕೊನೆ. ನಾನು ಬಾಯಿ ಬಿಡಲ್ಲ."

ಮೀಟರಿನ ಪಕ್ಕದಲ್ಲಿ ಪ್ರತಿ ಕೋಣೆಗೂ ಒಂದೊಂದು ಸ್ವಿಚ್ಚು. ಅತ್ತೆ ಊರುಗೋಲು ಹಿಡಿದು ಬಂದು ನಿಂತರು. ಅವರ ಕೋಣೆಯದನ್ನು ಇಳಿಸಿದೆ. ಕಾದೆವು. ಮಿಣಕ್. ಅಡುಗೆಮನೆಯದನ್ನು ಇಳಿಸಿದೆ. ಮಿಣಕ್. ಹಾಲ್ ಇಳಿಸಿದರೂ ಮಿಣಕ್. ಉಳಿದದ್ದು ಒಂದೇ. ನನ್ನ ಕೈ ಮೇಲೇಳಲಿಲ್ಲ.

"ಇಳಿಸಿ," ಎಂದಳು ಹೆಂಡತಿ.

ಇಳಿಸಿದೆ. ಕಾದೆವು. ಇನ್ನೂ ಕಾದೆವು. ಮೀಟರು ಕಣ್ಣು ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ.

ನನ್ನ ಮೇಜಿನ ಕೆಳಗಿನ ಜಮಖಾನೆ ಎತ್ತಿ ನೋಡಿದರೆ, ತೆಳ್ಳಗಿನ ಕಪ್ಪು ಕರೆಂಟಿನ ಹಾಸೊಂದು ಬೆಕ್ಕಿನ ಹೊಟ್ಟೆಯಂತೆ ಬೆಚ್ಚಗೆ ಮಲಗಿತ್ತು. ಅದರ ವೈರು ಬೀರುವಿನ ಹಿಂದಕ್ಕೆ ಹೋಗಿತ್ತು.

"ಇದನ್ನ ಯಾರು..."

"ನಾನೇ. ಹೋದ ಚಳಿಗಾಲ ಹಿಮ್ಮಡಿ ಒಡೆದು 'ಅಯ್ಯೋ ಅಮ್ಮಾ' ಅಂತ ಕುಂಟ್ತಿದ್ರಲ್ಲ. ಹೇಳಿದ್ರೆ ಎಷ್ಟು ಯೂನಿಟ್ ಅಂತ ಕೇಳ್ತೀರಿ ಅಂತ ಹೇಳದೇ ಹಾಸಿದೆ. ಈ ಸಲ ಚಳಿ ಶುರುವಾದಾಗಿಂದ ಹಗಲೂ ರಾತ್ರಿ ಉರೀತಿದೆ."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. (ಆ ಕ್ಷಣಕ್ಕೆ ಅದೇ ಅತಿ ಕಡಿಮೆ ಖರ್ಚಿನ ಹೀಟರು.) ಅತ್ತೆಯ ಮುಂದೆ ಬಗ್ಗಿ, "ತಪ್ಪಾಯ್ತು ಅತ್ತೆ, ಹೋಗಬೇಡಿ," ಎಂದೆ. ಮನಸ್ಸಾರೆ ಎಂದೆ.

ಅವರು ಯೋಚಿಸಿ ತೀರ್ಪು ಕೊಟ್ಟರು. "ಹೋಗಲ್ಲ. ಹೀಟರ್ ನನ್ನ ಕೋಣೇಲೇ ಇರ್ಲಿ. ಮತ್ತೆ ಈ ಹಾಸೂ ನನ್ನ ಕಾಲಿಗೆ ಚೆನ್ನಾಗಿರುತ್ತೆ."

ಹೆಂಡತಿ ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದಿಟ್ಟು, ಹಾಸನ್ನು ಸುರುಳಿ ಸುತ್ತಿ ಒಯ್ದಳು. ನಾನು ಅದೇ ಕುರ್ಚಿಯಲ್ಲಿ ಕೂತೆ. ಮೊದಲು ಬರಿಗಾಲು, ಆಮೇಲೆ ಕಾಲುಚೀಲ, ಅದರ ಮೇಲೆ ಇನ್ನೊಂದು ಜೊತೆ.

ಆಚೆ ಕೋಣೆಯಿಂದ ಅತ್ತೆ ಕೂಗಿದರು. "ಅಳಿಯಂದಿರೇ, ಚಳಿಯಾಗ್ತಿದೆಯಾ?"

"ಇಲ್ಲಮ್ಮ, ಅವರಿಗೆ ಅದೆಲ್ಲ ಭ್ರಮೆ," ಎಂದು ಹೆಂಡತಿಯೇ ಉತ್ತರ ಕೊಟ್ಟಳು.

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ಬಿಡಲಿಲ್ಲ. ಹಲ್ಲುಗಳು ಮಾತ್ರ ಒಳಗೊಳಗೇ ಕಟಕಟನೆ ಸತ್ಯ ಹೇಳುತ್ತಿದ್ದವು.