ಟ್ಯಾಂಗೋ ಕೇಳಲು ಹೋಗಿ ಹೊಟ್ಟೆ ಉರಿಸಿಕೊಂಡದ್ದು

ಹೊಟ್ಟೆಕಿಚ್ಚು ನನ್ನ ಹುಟ್ಟುಗುಣ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪಕ್ಕದ ಮನೆಯವರ ಕರಿಬೇವು ನಮ್ಮದಕ್ಕಿಂತ ಒಂದು ಗೇಣು ಎತ್ತರ ಬೆಳೆದರೂ ನನಗೆ ಊಟ ಸೇರುವುದಿಲ್ಲ. ಆದರೆ ಒಂದು ವಾದ್ಯದ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಜೀವನದಲ್ಲಿ ಒಂದೇ ಸಲ, ಅದೂ ಕ್ವಾಲಾಲಂಪುರದಲ್ಲಿ.

ಕೊರೋನಾ ಕಾಲವದು. ಊರಂಚಿನ ಪುಚೊಂಗ್‌ನ ಫ್ಲ್ಯಾಟಿನ ಊಟದ ಮೇಜೇ ನನ್ನ ಆಫೀಸಾಗಿ, ಹಡಗಿನ ಸರಕಿನ ವಿಷಯಕ್ಕೆ ಕ್ಲಾಂಗ್ ಬಂದರಿನವರ ಜೊತೆ ದಿನವಿಡೀ ಫೋನಿನಲ್ಲಿ ಕಿರುಚಾಡುತ್ತಿದ್ದೆ. ಅಷ್ಟೂ ತಿಂಗಳು ನನ್ನ ಹೆಂಡತಿ ಶೈಲಜಾ ಕೇಳಿದ ಸಂಗೀತ ಅದೊಂದೇ. ಹಾಗಾಗಿ ನಾಟಕಶಾಲೆಗಳು ಮತ್ತೆ ತೆರೆದ ವಾರವೇ, "ರೀ, ಟ್ಯಾಂಗೋ ಕಛೇರಿ ಇದೆ, ಅರ್ಜೆಂಟೀನಾದ ಸಂಗೀತ. ಮುಂದಿನ ಸಾಲಲ್ಲೇ ಎರಡು ಸೀಟ್ ಬುಕ್ ಮಾಡ್ಬಿಟ್ಟಿದೀನಿ" ಎಂದಳು.

ಬ್ರಿಟಿಷರ ಕಾಲದ ನಾಟಕಶಾಲೆ. ಒಂದು ಬಿಟ್ಟು ಒಂದು ಕುರ್ಚಿಗೆ ಅಡ್ಡಪಟ್ಟಿ ಅಂಟಿಸಿದ್ದರು. "ನಾವು ಗಂಡ ಹೆಂಡತಿ" ಎಂದು ಬೇಡಿಕೊಂಡರೂ ಕುರ್ಚಿ ತೋರಿಸುವಾಕೆ ಅಲ್ಲಿಯವರ ಇಂಗ್ಲಿಷಿನ ಧಾಟಿಯಲ್ಲಿ, "ಕೆನಾಟ್ ಲಾ, ಅಂಕಲ್" ಎಂದುಬಿಟ್ಟಳು. ಅಂಕಲ್ ಎಂದದ್ದೂ ನನಗೆ ಹಿಡಿಸಲಿಲ್ಲ.

ಪಿಯಾನೊ ಮುಂದೆ ಒಬ್ಬಾಕೆ ಕುಳಿತಳು. ಅವಳ ಗಂಡ ಬ್ಯಾಂಡೋನಿಯನ್ ಎಂಬ, ಹಾರ್ಮೋನಿಯಂನ ದೂರದ ನೆಂಟನಂಥ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎಳೆದ. ಮಾಸ್ಕಿನೊಳಗಿಂದಲೇ ಶೈಲಜಾ "ಆಹಾ!" ಎಂದಳು. ಮೈಸೂರಿನ ಕಛೇರಿಗಳಲ್ಲಿ ಬೆಳೆದವಳು. ತೊಡೆ ತಟ್ಟಿ ತಾಳ ಹಾಕದೆ, "ಭಲೇ" ಎನ್ನದೆ ಅವಳಿಗೆ ಸಂಗೀತ ಕೇಳಲು ಬರುವುದಿಲ್ಲ. ಉಳಿದವರೆಲ್ಲ ಉಸಿರು ಬಿಗಿಹಿಡಿದು ಕುಳಿತಿರುವಾಗ ಇವಳೊಬ್ಬಳದೇ ಭಲೇ. ಆ ಪುಣ್ಯಾತ್ಮನೂ ಪ್ರತಿ ಭಲೇಗೂ ಇವಳತ್ತ ತಲೆಬಾಗತೊಡಗಿದ. ಹದಿನಾರು ವರ್ಷಗಳಲ್ಲಿ ನನಗೊಂದು "ಆಹಾ" ಸಿಕ್ಕಿಲ್ಲ. ಲಾಕ್‌ಡೌನಿನಲ್ಲಿ ಕೈ ಸುಟ್ಟುಕೊಂಡು ಮಾಡಿದ ಮೈಸೂರು ಪಾಕಿಗೂ "ತಿನ್ನಬಹುದು" ಎಂದಷ್ಟೇ ಅಂದಿದ್ದಳು. ನನಗೆ ಮೈಯೆಲ್ಲ ಉರಿಯಿತು. ವೇದಿಕೆಯ ಕಡೆ ತಿರುಗಲೂ ಮನಸ್ಸಾಗದೆ, ಖಾಲಿ ಕುರ್ಚಿಯಾಚೆಯ ಅವಳ ಮುಖವನ್ನೇ ನೋಡುತ್ತ, ಭಲೇಗಳನ್ನು ಎಣಿಸುತ್ತ ಕುಳಿತೆ.

ಮುಗಿದ ಮೇಲಾದರೂ ಮನೆಗೆ ಹೊರಡುವಳೇ? "ಕಲಾವಿದರಿಗೆ ಒಂದು ಮಾತು ಹೇಳ್ದೆ ಹೋಗೋದಾ? ಬನ್ರೀ" ಎಂದು, ನಮ್ಮ ಕಛೇರಿಗಳ ರೂಢಿಯಂತೆ ವೇದಿಕೆಯತ್ತ ನನ್ನನ್ನು ಎಳೆದೊಯ್ದಳು. ಎರಡು ಮೀಟರ್ ದೂರದಲ್ಲೇ ನಮ್ಮನ್ನು ತಡೆದರು. ಇವಳು ಅಲ್ಲಿಂದಲೇ ಕೈಮುಗಿದಳು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ನಾನು ಹಲ್ಲು ಕಚ್ಚಿಕೊಂಡೆ. ಆಗ ಪಿಯಾನೊದಾಕೆ ನನ್ನತ್ತ ಬೆರಳು ತೋರಿಸಿ, "ನೀವು ಅದೃಷ್ಟವಂತೆ. ಇಡೀ ಸಂಜೆ ನಿಮ್ಮ ಗಂಡ ನಿಮ್ಮ ಮುಖದಿಂದ ಕಣ್ಣು ತೆಗೆಯಲಿಲ್ಲ. ನನ್ನವನು ಆ ಪೆಟ್ಟಿಗೆ ಬಿಟ್ಟು ಬೇರೇನೂ ನೋಡುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಶೈಲಜಾಗೆ ಹೇಳಿದಳು. ಅವಳ ದನಿಯಲ್ಲಿದ್ದದ್ದು ಅಪ್ಪಟ ಹೊಟ್ಟೆಕಿಚ್ಚು. ಆ ವಿಷಯದಲ್ಲಿ ನಾನು ಮೋಸ ಹೋಗುವವನಲ್ಲ.

ಶೈಲಜಾ ನಾಚಿಕೊಂಡಳು. ಮದುವೆ ಮಂಟಪದಲ್ಲೂ ಹಾಗೆ ನಾಚಿದ್ದಿಲ್ಲ. ಕಾರಿನಲ್ಲಿ ನನ್ನ ಕೈಹಿಡಿದು, "ನಿಮಗೆ ಯಾವ್ದು ಇಷ್ಟ ಆಯ್ತು ರೀ?" ಎಂದಳು.

ಗಂಡಸಿಗೆ ಉದಾರಬುದ್ಧಿ ಬರುವುದೇ ಗೆದ್ದ ಮೇಲೆ. "ಕೊನೇದು. ಏನು ನುಡಿಸ್ದ ಮಹಾರಾಯ!" ಎಂದೆ.

"ಕೊನೇದನ್ನ ಆ ಪಿಯಾನೊದವಳೊಬ್ಳೇ ಅಲ್ವೇನ್ರೀ ನುಡಿಸಿದ್ದು? ಅವ್ನು ಸುಮ್ನೆ ಕೂತಿದ್ದ."

ನಾನು ರಸ್ತೆ ನೋಡಿದೆ. ಅವಳು ನನ್ನ ಕೈಬಿಟ್ಟು ಮಾಸ್ಕ್ ತೆಗೆದಳು.

"ನುಡಿಸಿದ್ದು ಅವಳಾದ್ರೂ ನಿಮ್ಮ ತಲೇಲಿ ಇದ್ದದ್ದು ಅವ್ನೇ. ಅಂದ್ರೆ ನೀವು ನನ್ನ ನೋಡ್ತಾ ಇರ್ಲಿಲ್ಲ," ಎಂದಳು, "ಕಾವಲು ಕಾಯ್ತಾ ಇದ್ರಿ."